ಹೊಗೆ ಮತ್ತು ಎದೆಗೂಡು: ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜ್ಞಾನದ ಬಗ್ಗೆ ಬರೆಯುವವನು ಅಂತ ಗೊತ್ತಾದರೆ ಸಾಕು, ಮದುವೆಮನೆಯ ಪಂಕ್ತಿಯಲ್ಲಿ ಕೂತಾಗಲೂ ಯಾರಾದರೊಬ್ಬರು ಪಕ್ಕಕ್ಕೆ ಬಾಗಿ ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಹಾಗೆ ಕೇಳಿದವು, ಪತ್ರದಲ್ಲಿ ಬಂದವು, ಭಾಷಣ ಮುಗಿದ ಮೇಲೆ ಬಾಗಿಲ ಬಳಿ ತಡೆದು ನಿಲ್ಲಿಸಿ ಕೇಳಿದವು ಇಲ್ಲಿವೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ವೈದ್ಯನಲ್ಲ. ನಿಮ್ಮ ಎಕ್ಸ್‌ರೇ ನೋಡಿ ಹೇಳಬೇಕಾದವರು ನಿಮ್ಮ ವೈದ್ಯರೇ.

## ಮೊದಮೊದಲು ಕೇಳುವವು

ಇದು ಅಂಟುವ ಕಾಯಿಲೆಯಾ? ಅವರ ಲೋಟದಲ್ಲಿ ನೀರು ಕುಡಿದರೆ ಬರುತ್ತಾ?

ಇಲ್ಲ. ಲೋಟ, ತಟ್ಟೆ, ಹಾಸಿಗೆ, ಕೆಮ್ಮು ಯಾವುದರಿಂದಲೂ ಅಂಟುವುದಿಲ್ಲ. ಶ್ವಾಸನಾಳದ ಒಳಗೋಡೆಯ ಕೋಶಗಳ ಡಿಎನ್‌ಎ ವರ್ಷಾನುಗಟ್ಟಲೆ ಪೆಟ್ಟು ತಿಂದು, ಬೆಳವಣಿಗೆಗೆ ಕಡಿವಾಣ ಹಾಕುವ ಜೀನುಗಳು ಕೆಟ್ಟು, ಒಂದು ಕೋಶ ಲಂಗುಲಗಾಮಿಲ್ಲದೆ ಎರಡಾಗುತ್ತ ನಾಲ್ಕಾಗುತ್ತ ಹೋಗುವುದೇ ಈ ಕಾಯಿಲೆ. ಇದರಲ್ಲಿ ಎರಡು ದೊಡ್ಡ ಬಗೆ: ಸಣ್ಣಕೋಶದ್ದು, ಸಣ್ಣಕೋಶವಲ್ಲದ್ದು. ಮೊದಲನೆಯದು ಬಹುಪಾಲು ಸೇದುವವರಲ್ಲೇ ಕಾಣುತ್ತದೆ, ಬಹಳ ಬೇಗ ಹರಡುತ್ತದೆ. ನೂರರಲ್ಲಿ ಸುಮಾರು 85 ಎರಡನೆಯ ಬಗೆ. ಅದರೊಳಗಿನ ಅಡಿನೊಕಾರ್ಸಿನೋಮಾ ಎಂಬ ಒಳಬಗೆ ಒಂದು ದಿನವೂ ಸೇದದವರಿಗೂ ಬರುತ್ತದೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 25 ಲಕ್ಷ ಜನರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 18 ಲಕ್ಷ ಜನ ಅದರಿಂದ ತೀರಿಕೊಂಡರು. ಇಷ್ಟು ಜೀವ ತೆಗೆಯುವ ಕ್ಯಾನ್ಸರ್ ಇನ್ನೊಂದಿಲ್ಲ.

ನಮ್ಮ ಯಜಮಾನ್ರು ಎರಡು ತಿಂಗಳಿಂದ ಟಿಬಿ ಮಾತ್ರೆ ನುಂಗ್ತಿದ್ದಾರೆ, ಕೆಮ್ಮು ಹಾಗೇ ಇದೆ. ಬೇರೆ ಏನಾದ್ರೂ ಇರಬಹುದಾ?

ನನಗೆ ಬರುವ ಪ್ರಶ್ನೆಗಳಲ್ಲಿ ಅತಿ ಮುಖ್ಯವಾದದ್ದು ಇದು. ನಮ್ಮ ದೇಶದಲ್ಲಿ ಟಿಬಿ ಎಷ್ಟು ಸಾಮಾನ್ಯವೆಂದರೆ, ಎಕ್ಸ್‌ರೇಯಲ್ಲಿ ಒಂದು ಮಚ್ಚೆ ಕಂಡರೆ ಮೊದಲು ಹೊಳೆಯುವುದೇ ಅದು. ಹೊಳೆಯುವುದು ತಪ್ಪಲ್ಲ. ಕಫದಲ್ಲಿ ಟಿಬಿ ಕ್ರಿಮಿ ಸಿಗದಿದ್ದರೂ ಮಾತ್ರೆ ಶುರುವಾಗಿ, ಗುಣ ಕಾಣದಿದ್ದರೂ ಅದೇ ಮುಂದುವರಿದು, ಕ್ಯಾನ್ಸರ್ ರೋಗಿಗಳ ಎಷ್ಟೋ ತಿಂಗಳು ಹಾಗೇ ಕಳೆದುಹೋಗುತ್ತವೆ. ಎರಡೂ ಕಾಯಿಲೆಗಳ ಲಕ್ಷಣ ಹೆಚ್ಚುಕಡಿಮೆ ಒಂದೇ: ಬಿಡದ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು, ಎದೆನೋವು, ಸುಸ್ತು. ದನಿ ಒಡೆಯುವುದು, ಭುಜದ ಒಳಗೆ ಹೊಕ್ಕಂಥ ನೋವು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಆಗುವುದು ಇದ್ದರೆ ಅನುಮಾನ ಹೆಚ್ಚಬೇಕು.

ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರ ಬಳಿ ಹೋಗಿ ನೇರವಾಗಿ ಕೇಳಿ: ಕಫ ಪರೀಕ್ಷೆಯಲ್ಲಿ ಟಿಬಿ ಇದೆ ಅಂತ ಬಂದಿತ್ತೇ? ಬಂದಿರದಿದ್ದರೆ, ಎದೆಯ ಸಿಟಿ ಸ್ಕ್ಯಾನ್, ಬೇಕಾದರೆ ಕೊಳವೆ ಇಳಿಸಿ ಶ್ವಾಸನಾಳದ ಒಳಗೆ ನೋಡುವ ಬ್ರಾಂಕೋಸ್ಕೋಪಿ ಮಾಡಿಸೋಣವೇ? ಹೀಗೆ ಕೇಳಿದರೆ ಡಾಕ್ಟರು ಬೇಸರ ಮಾಡಿಕೊಳ್ಳುತ್ತಾರೆ ಎಂದು ಹಿಂಜರಿಯಬೇಡಿ. ಮಾಡಿಕೊಂಡರೂ ಪರವಾಗಿಲ್ಲ.

ನಮ್ಮ ತಾತ ದಿನಕ್ಕೊಂದು ಕಟ್ಟು ಬೀಡಿ ಸೇದಿ ತೊಂಬತ್ತು ದಾಟಿದ್ರು. ಇದಕ್ಕೇನಂತೀರಿ?

ನಿಮ್ಮ ತಾತ ಗಟ್ಟಿ ಜೀವ ಅಂತೀನಿ. ಅವರ ಜೊತೆ ಜಗುಲಿಯಲ್ಲಿ ಕೂತು ಸೇದುತ್ತಿದ್ದ ಗೆಳೆಯರ ಲೆಕ್ಕ ಮಾತ್ರ ಮನೆಯಲ್ಲಿ ಯಾರೂ ಇಟ್ಟಿರುವುದಿಲ್ಲ. ಬ್ರಿಟನ್ನಿನಲ್ಲಿ ಲೆಕ್ಕ ಇಟ್ಟಿದ್ದಾರೆ. ಜೀವಮಾನವಿಡೀ ಸಿಗರೇಟು ಸೇದಿದ ಗಂಡಸರಲ್ಲಿ 75 ವರ್ಷದೊಳಗೆ ಈ ಕ್ಯಾನ್ಸರಿಗೆ ಬಲಿಯಾಗುವವರು ನೂರಕ್ಕೆ ಸುಮಾರು 16, ಎಂದೂ ಸೇದದವರಲ್ಲಿ ಒಂದಕ್ಕಿಂತ ಕಡಿಮೆ. ಅಂದರೆ ಸೇದಿದ ನೂರು ತಾತಂದಿರಲ್ಲಿ 84 ಜನ ಈ ಕ್ಯಾನ್ಸರಿನಿಂದ ತಪ್ಪಿಸಿಕೊಂಡರು, ನಿಮ್ಮ ತಾತ ಅವರಲ್ಲೊಬ್ಬರು. ಆ 84ರಲ್ಲಿ ಹೃದಯಾಘಾತ, ಲಕ್ವ, ಉಬ್ಬಸಕ್ಕೆ ಸಿಕ್ಕವರು ಎಷ್ಟೋ ಜನ. ಸೇದುತ್ತಲೇ ಉಳಿದವರಲ್ಲಿ ಅರ್ಧದಷ್ಟು ಜನರನ್ನು ತಂಬಾಕು ಒಂದಲ್ಲ ಒಂದು ದಾರಿಯಲ್ಲಿ ತೆಗೆದುಕೊಂಡು ಹೋಗುತ್ತದೆ.

ಬೀಡಿ ಅಂದ್ರೆ ಬರೀ ಎಲೆ, ಕಾಗದ ಇಲ್ಲ, ಕೆಮಿಕಲ್ ಇಲ್ಲ. ಸಿಗರೇಟಿಗಿಂತ ವಾಸಿ ಅಲ್ವಾ?

ಎಲೆಯೊಳಗೆ ಇರುವುದು ಹೊಗೆಸೊಪ್ಪೇ. ಕನ್ನಡ ಅದಕ್ಕೆ ಎಷ್ಟು ನೇರವಾಗಿ ಹೆಸರಿಟ್ಟಿದೆ ನೋಡಿ. ಬೀಡಿ ಎಲೆಯಲ್ಲಿ ಗಾಳಿಯಾಡುವುದಿಲ್ಲ. ಆರಿಹೋಗದಿರಲಿ ಅಂತ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಹಾಗಾಗಿ ತಂಬಾಕು ಕಡಿಮೆ ಇದ್ದರೂ ಎದೆಗಿಳಿಯುವ ಟಾರ್, ನಿಕೋಟಿನ್, ಕಾರ್ಬನ್ ಮೊನಾಕ್ಸೈಡ್ ಕಡಿಮೆಯಿಲ್ಲ, ಅಳತೆ ಮಾಡಿದಾಗ ಸಿಗರೇಟಿಗಿಂತ ಹೆಚ್ಚೇ ಕಂಡಿದೆ. ಕೇರಳದ ಕರುನಾಗಪ್ಪಳ್ಳಿಯಲ್ಲಿ ಸಾವಿರಾರು ಮನೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ ಬೀಡಿ ಸೇದುವ ಗಂಡಸರಿಗೆ ಶ್ವಾಸಕೋಶದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚಿತ್ತು. ಸೊಪ್ಪು ಉರಿದಾಗ ಹುಟ್ಟುವ 7,000ಕ್ಕೂ ಹೆಚ್ಚು ರಾಸಾಯನಿಕಗಳಲ್ಲಿ 70ರಷ್ಟು ಕ್ಯಾನ್ಸರ್ ತರುವಂಥವು. ಅವನ್ನು ಯಾವ ಕಾರ್ಖಾನೆಯೂ ಬೆರೆಸಬೇಕಿಲ್ಲ, ಬೆಂಕಿಯೇ ಬೆರೆಸುತ್ತದೆ.

ನಾನು ದಿನಕ್ಕೆ ಎರಡೇ ಎರಡು, ಅದೂ ಲೈಟ್. ಅದೂ ಲೆಕ್ಕಕ್ಕಾ?

ಲೆಕ್ಕಕ್ಕೇ. ನಾರ್ವೆಯಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಒಂದರಿಂದ ನಾಲ್ಕು ಸೇದುವ ಗಂಡಸರಿಗೆ ಈ ಕ್ಯಾನ್ಸರಿನ ಸಾವಿನ ಅಪಾಯ ಸುಮಾರು ಮೂರು ಪಟ್ಟು, ಹೆಂಗಸರಿಗೆ ಐದು ಪಟ್ಟು ಇತ್ತು. ದಿನಕ್ಕೆಷ್ಟು ಅನ್ನುವುದಕ್ಕಿಂತ ಎಷ್ಟು ವರ್ಷ ಅನ್ನುವುದು ಇನ್ನೂ ಜೋರು. ಲೈಟ್ ಎಂಬುದು ಫಿಲ್ಟರಿನಲ್ಲಿರುವ ಸಣ್ಣ ತೂತುಗಳ ಆಟ. ಅಳೆಯುವ ಯಂತ್ರಕ್ಕೆ ಟಾರ್ ಕಡಿಮೆ ತೋರುತ್ತದೆ, ಮನುಷ್ಯ ಬೆರಳಿನಿಂದ ತೂತು ಮುಚ್ಚಿ ಇನ್ನೂ ಆಳಕ್ಕೆ ಎಳೆಯುತ್ತಾನೆ.

## ಸೇದದವರ ಪ್ರಶ್ನೆಗಳು

ನಮ್ಮಮ್ಮ ಒಂದು ದಿನವೂ ಸೇದಿದವರಲ್ಲ. ಅವರಿಗ್ಯಾಕೆ ಬಂತು?

ಈ ಪ್ರಶ್ನೆಯ ಹಿಂದೆ ಇನ್ನೊಂದಿರುತ್ತದೆ: ನಾವೇನು ತಪ್ಪು ಮಾಡಿದೆವು? ತಪ್ಪೇನೂ ಇಲ್ಲದಿರಬಹುದು. ಕಾರಣಗಳಂತೂ ಇವೆ, ಒಬ್ಬರ ವಿಷಯದಲ್ಲಿ ಇದೇ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ ಅಷ್ಟೆ.

ಮೊದಲನೆಯದು ಮನೆಯವರ ಹೊಗೆ. ಜಪಾನಿನ ತಕೇಶಿ ಹಿರಯಾಮ 1981ರಲ್ಲಿ, ತಾವು ಸೇದದ 91,540 ಗೃಹಿಣಿಯರ ದಾಖಲೆ ಹಿಡಿದು, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಅಪಾಯ ಹೆಚ್ಚೆಂದು ತೋರಿಸಿದರು. ಆಗ ತಂಬಾಕು ಕಂಪನಿಗಳು ಅವರ ಮೇಲೆ ಮುಗಿಬಿದ್ದವು. ಆಮೇಲೆ ಬಂದ ಅಧ್ಯಯನಗಳೂ ಅದನ್ನೇ ಹೇಳಿದವು. ಸೇದುವವರ ಜೊತೆ ಬಾಳುವವರಿಗೆ ಅಪಾಯ ಶೇ. 20ರಿಂದ 30ರಷ್ಟು ಹೆಚ್ಚು.

ಎರಡನೆಯದು ಒಲೆ. ಚೀನಾದ ಯುನ್ನಾನ್ ಪ್ರಾಂತ್ಯದ ಶುವಾನ್‌ವೇ ಎಂಬಲ್ಲಿ ಹೆಂಗಸರು ಬಹುತೇಕ ಯಾರೂ ಸೇದುವುದಿಲ್ಲ. ಆದರೂ ಅಲ್ಲಿನ ಹೆಂಗಸರಲ್ಲಿ ಈ ಕ್ಯಾನ್ಸರ್ ಇಡೀ ಚೀನಾದಲ್ಲೇ ಅತಿ ಹೆಚ್ಚಿನ ಮಟ್ಟದಲ್ಲಿತ್ತು. ಕಾರಣ, ಹೊಗೆ ಹೋಗಲು ದಾರಿಯಿಲ್ಲದ ಮನೆಯಲ್ಲಿ ಸುಡುತ್ತಿದ್ದ ಕಲ್ಲಿದ್ದಲು. ಒಲೆಗೆ ಹೊಗೆ ಕೊಳವೆ ಹಾಕಿಸಿಕೊಂಡ ಮನೆಗಳಲ್ಲಿ ಸುಮಾರು ಹತ್ತು ವರ್ಷದ ನಂತರ ಅಪಾಯ ಶೇ. 40ಕ್ಕೂ ಹೆಚ್ಚು ಇಳಿಯಿತು ಎಂದು 2002ರಲ್ಲಿ ಪ್ರಕಟವಾಯಿತು. ಒಂದು ಕೊಳವೆ, ಅಷ್ಟೇ! ನಮ್ಮಲ್ಲಿ ಸುಡುವುದು ಹೆಚ್ಚಾಗಿ ಸೌದೆ. ಫ್ರಾನ್ಸಿನ ಲಿಯೋನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನೆಯೊಳಗಿನ ಕಲ್ಲಿದ್ದಲ ಹೊಗೆಯನ್ನು ಖಚಿತ ಕಾರಣಗಳ ಪಟ್ಟಿಯಲ್ಲೂ, ಸೌದೆ ಹೊಗೆಯನ್ನು ಬಹುಮಟ್ಟಿಗೆ ಸಂಭವನೀಯ ಎಂಬ ಪಟ್ಟಿಯಲ್ಲೂ ಇಟ್ಟಿದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ಕೊಳವೆಯಿರುವ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ಕೊಟ್ಟದ್ದು ಸೌದೆ ಉಳಿಸಲು ಅಂತ ನಮಗೆ ನೆನಪು. ಊದುಗೊಳವೆ ಹಿಡಿದು ಕಣ್ಣೊರೆಸಿಕೊಳ್ಳುತ್ತ ಕೂತವರ ಎದೆಗೂ ಅದು ಒಳ್ಳೆಯದನ್ನೇ ಮಾಡಿತು. ಗ್ಯಾಸ್ ಬಂದ ಮೇಲೂ ಬಚ್ಚಲೊಲೆಗೆ ಕೊಳವೆ ಇದೆಯೇ ನೋಡಿ.

ಮೂರನೆಯದು ಹೊರಗಿನ ಗಾಳಿ. ಲಿಯೋನ್‌ನ ಅದೇ ಕ್ಯಾನ್ಸರ್ ಸಂಸ್ಥೆ ಡೀಸೆಲ್ ಹೊಗೆಯನ್ನು 2012ರಲ್ಲಿ, ಕಲುಷಿತ ಗಾಳಿಯನ್ನು ಒಟ್ಟಾರೆಯಾಗಿ 2013ರಲ್ಲಿ ಖಚಿತ ಕಾರಣಗಳ ಪಟ್ಟಿಗೆ ಸೇರಿಸಿತು. ನಾಲ್ಕನೆಯದು ರೇಡಾನ್, ನೆಲದ ಯುರೇನಿಯಂ ಸವೆಯುತ್ತ ಹೊಮ್ಮುವ, ವಾಸನೆ ಬಣ್ಣ ಯಾವುದೂ ಇಲ್ಲದ ಅನಿಲ. ಜರ್ಮನಿಯ ಶ್ನೀಬರ್ಗ್ ಗಣಿ ಕಾರ್ಮಿಕರನ್ನು ತಲೆತಲಾಂತರದಿಂದ ಕೊಲ್ಲುತ್ತಿದ್ದ ಬೆಟ್ಟದ ಕಾಯಿಲೆ ಶ್ವಾಸಕೋಶದ ಕ್ಯಾನ್ಸರೇ ಎಂದು ಇಬ್ಬರು ವೈದ್ಯರು 1879ರಲ್ಲೇ ಗುರುತಿಸಿದ್ದರು. ಗಾಳಿಯಾಡುವ ಮನೆಯಲ್ಲಿ ರೇಡಾನ್ ಹೆಚ್ಚು ನಿಲ್ಲುವುದಿಲ್ಲ. ಇವೆಲ್ಲ ಕಳೆದರೂ ಉಳಿಯುವ ಒಂದು ಪಾಲಿದೆ, ಅದರ ಬಗ್ಗೆ ಕೊನೆಯ ಪ್ರಶ್ನೆಯಲ್ಲಿ.

ಸೊಳ್ಳೆ ಬತ್ತಿ ಒಂದು ಹಚ್ಚಿದ್ರೆ ನೂರು ಸಿಗರೇಟಿಗೆ ಸಮ ಅಂತಾರೆ, ನಿಜಾನಾ?

ಅರ್ಧ ನಿಜ. 2003ರ ಅಧ್ಯಯನವೊಂದರಲ್ಲಿ ಒಂದು ಸುರುಳಿ ಬತ್ತಿ ಪೂರ್ತಿ ಉರಿದಾಗ ಬಿಡುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟಿನಷ್ಟು ಇತ್ತು. ಅದು ಕಣದ ಲೆಕ್ಕವೇ ಹೊರತು ಕ್ಯಾನ್ಸರಿನ ಲೆಕ್ಕವಲ್ಲ. ಬತ್ತಿಯ ತುದಿಯನ್ನು ಬಾಯಿಗಿಟ್ಟು ಯಾರೂ ಎಳೆಯುವುದಿಲ್ಲ. ಆದರೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಗುವಿನ ಪಕ್ಕ ರಾತ್ರಿಯಿಡೀ ಹಚ್ಚಿಡುವುದಕ್ಕಿಂತ ಸೊಳ್ಳೆ ಪರದೆ ಎಷ್ಟೋ ಮೇಲು.

ನಾವು ಹುಣಸೂರು ಕಡೆಯವರು, ಹೊಗೆಸೊಪ್ಪು ಬೆಳೀತೀವಿ. ಬೆಳೆಯೋರಿಗೂ ಬೀಡಿ ಕಟ್ಟೋರಿಗೂ ಬರುತ್ತಾ?

ಸೊಪ್ಪು ಮುಟ್ಟುವುದಕ್ಕೂ ಅದರ ಹೊಗೆ ಎಳೆಯುವುದಕ್ಕೂ ವ್ಯತ್ಯಾಸವಿದೆ. ಒದ್ದೆ ಎಲೆ ಕೀಳುವಾಗ ನಿಕೋಟಿನ್ ಚರ್ಮದ ಮೂಲಕ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ಕೈಗವಸು, ತುಂಬುತೋಳಿನ ಅಂಗಿ ಬೇಕು. ಬೀಡಿ ಕಟ್ಟುವ ದಕ್ಷಿಣ ಕನ್ನಡ, ನಿಪ್ಪಾಣಿ ಕಡೆಯ ಹೆಂಗಸರನ್ನು ತಂಬಾಕಿನ ಪುಡಿ ಕಾಡುತ್ತದೆ: ಕೆಮ್ಮು, ದಮ್ಮು. ಇವು ಸಣ್ಣವಲ್ಲ, ಹಾಗಂತ ಸೇದುವವರಿಗಿರುವ ಕ್ಯಾನ್ಸರಿನ ಅಪಾಯದ ಸಾಲಿನಲ್ಲೂ ನಿಲ್ಲುವುದಿಲ್ಲ. ಕೆಲಸದಿಂದಲೇ ಈ ಕ್ಯಾನ್ಸರಿಗೆ ಹತ್ತಿರವಾಗುವವರು ಬೇರೆ: ಕಲ್ಲು ಒಡೆಯುವ, ಕೊರೆಯುವ ಜಾಗದಲ್ಲಿ ಸಿಲಿಕಾ ದೂಳು ಕುಡಿಯುವವರು, ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಶೀಟು ಕತ್ತರಿಸುವವರು. ಕಲ್ನಾರಿನ ಜೊತೆ ಸಿಗರೇಟೂ ಸೇರಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. 1979ರಲ್ಲಿ ಪ್ರಕಟವಾದ ಅಮೆರಿಕದ ಲೆಕ್ಕದಲ್ಲಿ ಕಲ್ನಾರು ಒಂದೇ ಇದ್ದರೆ ಐದು ಪಟ್ಟು, ಸಿಗರೇಟು ಒಂದೇ ಇದ್ದರೆ ಹತ್ತು ಪಟ್ಟು, ಎರಡೂ ಸೇರಿದರೆ ಐವತ್ತಕ್ಕೂ ಹೆಚ್ಚು.

## ಬಿಡುವ ಮಾತು

ಮೂವತ್ತು ವರ್ಷ ಸೇದಿದೀನಿ. ಆಗೋದೆಲ್ಲ ಆಗಿರುತ್ತೆ, ಈಗ ಬಿಟ್ಟು ಏನು ಪ್ರಯೋಜನ?

ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನವಿದೆ. ಕೊನೆವರೆಗೂ ಸೇದಿದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲು ತೀರಿಕೊಂಡರು. ಐವತ್ತರಲ್ಲಿ ಬಿಟ್ಟವರಿಗೆ ಆ ಹತ್ತರಲ್ಲಿ ಆರು ವರ್ಷ ವಾಪಸು ಸಿಕ್ಕಿತು, ಅರವತ್ತರಲ್ಲಿ ಬಿಟ್ಟವರಿಗೂ ಮೂರು. ಮೂವತ್ತರಲ್ಲಿ ಬಿಟ್ಟವರಿಗೆ ಹತ್ತೂ ಬಹುಪಾಲು ಸಿಕ್ಕಿತು.

2020ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಶ್ವಾಸನಾಳದ ಕೋಶಗಳನ್ನು ಒಂದೊಂದಾಗಿ ಬೆಳೆಸಿ ಅವುಗಳ ಡಿಎನ್‌ಎ ಓದಿದರು. ಬಿಟ್ಟವರಲ್ಲಿ ಶೇ. 40ರವರೆಗೂ ಕೋಶಗಳು ಎಂದೂ ಸೇದದವರಲ್ಲಿರುವಂತೆ ಇದ್ದವು. ಕೆಟ್ಟವು ರಿಪೇರಿಯಾದದ್ದಲ್ಲ. ಎಲ್ಲೋ ಬಚ್ಚಿಟ್ಟುಕೊಂಡು ಪೆಟ್ಟು ತಪ್ಪಿಸಿಕೊಂಡಿದ್ದ ಒಳ್ಳೆಯ ಕೋಶಗಳು, ಹೊಗೆ ನಿಂತ ಮೇಲೆ ಎದ್ದು ಬಂದು ಜಾಗ ತುಂಬಿರಬೇಕು ಎಂಬುದು ಅವರ ಊಹೆ. ಸುಟ್ಟ ಗೋಮಾಳದಲ್ಲಿ ಮಳೆ ಬಿದ್ದ ಮೇಲೆ ಗರಿಕೆ ಬಂದ ಹಾಗೆ.

ಬಿಡೋಕೆ ಆಗ್ತಾನೇ ಇಲ್ಲ. ಎಷ್ಟು ಸಲ ಬಿಟ್ಟೆ, ಮತ್ತೆ ಹಿಡಿದೆ.

ಬಿಟ್ಟವರಲ್ಲಿ ಹೆಚ್ಚಿನವರ ಕಥೆಯೂ ಇದೇ. ಮೊದಲ ಮೂರು ನಾಲ್ಕು ದಿನ ಅತಿ ಕಷ್ಟ. ಸಿಡುಕು, ನಿದ್ದೆಗೇಡು ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಮನೆಯವರು ಆ ದಿನಗಳಲ್ಲಿ ಬಾಯಿಗೆ ಬಾಯಿ ಕೊಡದಿದ್ದರೆ ಅದೇ ದೊಡ್ಡ ಉಪಕಾರ. ನಿಕೋಟಿನ್ ಗಮ್ ಅನ್ನು ಚ್ಯೂಯಿಂಗ್ ಗಮ್ಮಿನಂತೆ ಅಗಿಯುತ್ತಲೇ ಇರುವುದಲ್ಲ; ಸ್ವಲ್ಪ ಅಗಿದು, ಚುರುಗುಟ್ಟಿದಾಗ ಕೆನ್ನೆ ಒಳಗೆ ಒತ್ತಿಟ್ಟುಕೊಳ್ಳಬೇಕು. ವರೆನಿಕ್ಲಿನ್‌ನಂಥ ಮಾತ್ರೆಗಳನ್ನು ವೈದ್ಯರು ಬರೆದುಕೊಡಬೇಕು. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356, ಕರೆಗೆ ಹಣವಿಲ್ಲ. ಇದರ ಪ್ರಾದೇಶಿಕ ಕೇಂದ್ರವೊಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಇ-ಸಿಗರೇಟು ಹಿಡಿದು ಬಿಡಬಹುದೇ ಎಂದು ಹುಡುಗರು ಕೇಳುತ್ತಾರೆ. ಅದರ ಮಾರಾಟ ನಮ್ಮ ದೇಶದಲ್ಲಿ 2019ರಿಂದ ನಿಷಿದ್ಧ, ಕಳ್ಳಮಾಲಿನೊಳಗೆ ಏನಿದೆ ಎಂದು ಹೇಳುವವರು ಯಾರೂ ಇಲ್ಲ.

ಸೇದಿ ತಂದುಕೊಂಡ ಕಾಯಿಲೆಗೆ ಅಯ್ಯೋ ಅನ್ನೋದ್ಯಾಕೆ?

ಈ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಹದಿನಾರು ಹದಿನೇಳರಲ್ಲಿ ಗೆಳೆಯರ ಜೊತೆ ಹಿಡಿದ ಚಟ ಅದು, ನಿಕೋಟಿನ್ ಬಿಡಲು ಬಿಡುವುದಿಲ್ಲ. ಮಾರಿದವರಿಗೆ ಗೊತ್ತಿತ್ತು. 1954ರ ಜನವರಿ 4ರಂದು ಅಮೆರಿಕದ ತಂಬಾಕು ಕಂಪನಿಗಳು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು, ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆಂಬುದಕ್ಕೆ ಪುರಾವೆಯಿಲ್ಲ ಎಂದು ನಂಬಿಸಿದವು. ಆ ಅನುಮಾನ ದಶಕಗಳ ಕಾಲ ವ್ಯಾಪಾರ ಕಾಯಿತು. ರೋಗಿ ನಾಚಿಕೆಯಿಂದ ಆಸ್ಪತ್ರೆಗೆ ತಡವಾಗಿ ಬರುತ್ತಾನೆ, ಸೇದದ ಹೆಂಗಸಿನ ಮೇಲೂ ಅದೇ ಅನುಮಾನದ ಕಣ್ಣು ಬೀಳುತ್ತದೆ.

## ಸಂಶೋಧನೆಯ ಒಳಹೊಕ್ಕು

ಸಿಗರೇಟಿನಿಂದಲೇ ಬರುತ್ತೆ ಅಂತ ಮೊದಲು ಕಂಡುಹಿಡಿದವರು ಯಾರು? ಹೇಗೆ ಅಷ್ಟು ಖಚಿತವಾಗಿ ಹೇಳ್ತಾರೆ?

ಯಂತ್ರ ಸಿಗರೇಟು ಸುತ್ತುವ ಮೊದಲು ಈ ಕ್ಯಾನ್ಸರ್ ಅಪರೂಪದ್ದು. 1912ರಲ್ಲಿ ಐಸಾಕ್ ಆಡ್ಲರ್ ಎಂಬ ವೈದ್ಯ ಜಗತ್ತಿನ ಗ್ರಂಥಗಳನ್ನೆಲ್ಲ ತಡಕಿದಾಗ ಸಿಕ್ಕದ್ದು 374 ಪ್ರಕರಣ. ಮುಂದೆ ಅದು ಏರಿದ ರೀತಿಗೆ ಎಲ್ಲರೂ ಬೆಚ್ಚಿದರು. ಲಂಡನ್ನಿನಲ್ಲಿ ರಿಚರ್ಡ್ ಡಾಲ್ ಎಂಬ ವೈದ್ಯ ಹುಡುಕಾಟಕ್ಕೆ ಇಳಿದಾಗ ಅವರ ಅನುಮಾನವಿದ್ದದ್ದು ರಸ್ತೆಗೆ ಹಾಕುವ ಟಾರು, ಮೋಟಾರು ಹೊಗೆಯ ಮೇಲೆ. ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫೋರ್ಡ್ ಹಿಲ್ ಜೊತೆ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಿಚಾರಿಸುತ್ತ ಹೋದಂತೆ ಬೇರೆಯದೇ ಕಂಡಿತು, ಡಾಲ್ ತಾವೇ ಸಿಗರೇಟು ಬಿಟ್ಟರು. ಅವರ ವರದಿ ಬಂದದ್ದು 1950ರಲ್ಲಿ.

ಅದೇ ವರ್ಷ ಅಮೆರಿಕದಲ್ಲಿ ಅರ್ನ್‌ಸ್ಟ್ ವೈಂಡರ್ ಮತ್ತು ಎವಾರ್ಟ್ಸ್ ಗ್ರಹಾಂ ಅದೇ ಮಾತನ್ನು ಹೇಳಿದರು. ಗ್ರಹಾಂ 1933ರಲ್ಲಿ ಕ್ಯಾನ್ಸರ್ ರೋಗಿಯೊಬ್ಬರ ಒಂದು ಇಡೀ ಶ್ವಾಸಕೋಶವನ್ನು ಯಶಸ್ವಿಯಾಗಿ ತೆಗೆದು ಹೆಸರಾದ ಶಸ್ತ್ರವೈದ್ಯ, ವಿಪರೀತ ಸೇದುತ್ತಿದ್ದವರು. ಮೊದಲು ನಂಬಲಿಲ್ಲ. ತಮ್ಮದೇ ಅಂಕಿ ನೋಡಿ ಸಿಗರೇಟು ಬಿಟ್ಟರು, ಹೊತ್ತು ಮೀರಿತ್ತು. 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ಅವರು ಶಸ್ತ್ರಚಿಕಿತ್ಸೆ ಮಾಡಿದ್ದ ಆ ರೋಗಿ ಆಗಲೂ ಬದುಕಿದ್ದ.

ಒಪ್ಪದವರೂ ಸಾಮಾನ್ಯರಲ್ಲ. ಸಂಖ್ಯಾಶಾಸ್ತ್ರದ ದಿಗ್ಗಜ ರೊನಾಲ್ಡ್ ಫಿಶರ್, ಪೈಪು ಬಾಯಲ್ಲಿಟ್ಟುಕೊಂಡೇ, ಸೇದುವ ಚಪಲವನ್ನೂ ಕ್ಯಾನ್ಸರನ್ನೂ ಒಂದೇ ಜೀನು ತರುತ್ತಿರಬಹುದು ಎಂದು ವಾದಿಸಿದರು. ಅವರು ತಂಬಾಕು ಉದ್ಯಮದ ಸಲಹೆಗಾರರೂ ಆಗಿದ್ದರು. ಆ ವಾದಕ್ಕೆ ಉತ್ತರ ಕೊಟ್ಟದ್ದು ಬಿಟ್ಟವರು: ಬಿಟ್ಟಾಗ ಜೀನು ಬದಲಾಗುವುದಿಲ್ಲ, ಅಪಾಯ ಮಾತ್ರ ಇಳಿಯುತ್ತದೆ. 1996ರಲ್ಲಿ ಇನ್ನೊಂದು ಕೊಂಡಿ ಸಿಕ್ಕಿತು. ಹೊಗೆಯಲ್ಲಿರುವ ಬೆಂಜೊಪೈರೀನ್ ಎಂಬ ರಾಸಾಯನಿಕ ಡಿಎನ್‌ಎಗೆ ಅಂಟಿಕೊಳ್ಳುವ ಜಾಗವೂ, ರೋಗಿಗಳ ಗಡ್ಡೆಗಳಲ್ಲಿ ಪಿ53 ಎಂಬ ಕಾವಲು ಜೀನು ಕೆಟ್ಟಿರುವ ಜಾಗವೂ ಒಂದೇ ಆಗಿದ್ದವು.

ಕ್ಯಾರೆಟ್ ಜ್ಯೂಸು, ವಿಟಮಿನ್ ಮಾತ್ರೆ ತಗೊಂಡ್ರೆ ತಡೀಬಹುದಂತೆ?

ಹಣ್ಣು ತರಕಾರಿ ತಿನ್ನಿ, ಒಳ್ಳೆಯದೇ. ಮಾತ್ರೆಯ ಕಥೆ ಬೇರೆ. ಫಿನ್‌ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ, ಕ್ಯಾರೆಟ್ಟಿನಲ್ಲಿರುವ ಬೀಟಾ-ಕ್ಯಾರೊಟಿನ್ನಿನ ಮಾತ್ರೆ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು ಬಂತು. ಇದು ಗೊತ್ತಾದದ್ದು 1994ರಲ್ಲಿ. ಅಮೆರಿಕದ ಅಂಥದೇ ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು, ಅಲ್ಲೂ ಶೇ. 28 ಹೆಚ್ಚಳ. ತಡೆಯಲೆಂದು ಕೊಟ್ಟದ್ದೇ ತಂದಿತು. ಸೇದುವವರು ಈ ಮಾತ್ರೆಯಿಂದ ದೂರವಿರಬೇಕು.

ವರ್ಷಕ್ಕೊಂದು ಎಕ್ಸ್‌ರೇ ತೆಗೆಸ್ತಾ ಇದ್ರೆ ಮೊದಲೇ ಗೊತ್ತಾಗಲ್ವಾ?

ಎಕ್ಸ್‌ರೇ ತಪಾಸಣೆಯಿಂದ ಸಾವು ಕಡಿಮೆಯಾಗಲಿಲ್ಲ, ದೊಡ್ಡ ಪ್ರಯೋಗಗಳು ಇದನ್ನು ಖಚಿತಪಡಿಸಿವೆ. ಕಡಿಮೆ ವಿಕಿರಣದ ಸಿಟಿ ಸ್ಕ್ಯಾನಿನಿಂದ ಆಯಿತು. ಅಮೆರಿಕದಲ್ಲಿ 53,454 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಕ್ಸ್‌ರೇ ಗುಂಪಿಗಿಂತ ಸಿಟಿ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 20 ಕಡಿಮೆ. ಆದರೆ ಅವರೆಲ್ಲ ವರ್ಷಗಟ್ಟಲೆ ಭಾರಿ ಸೇದಿದವರು. ಸಿಟಿಯಲ್ಲಿ ಅನುಮಾನ ಬಂದ ಮಚ್ಚೆಗಳಲ್ಲಿ ಶೇ. 96 ಕ್ಯಾನ್ಸರ್ ಆಗಿರಲಿಲ್ಲ. ಹಳೆಯ ಟಿಬಿ ಗಾಯದ ಕಲೆ ಮನೆಮನೆಯಲ್ಲಿರುವ ನಮ್ಮಲ್ಲಿ ಸುಳ್ಳು ಗಾಬರಿ ಇನ್ನೂ ಹೆಚ್ಚು. ಐವತ್ತು ದಾಟಿದ, ಇಪ್ಪತ್ತು ವರ್ಷ ದಿನಕ್ಕೊಂದು ಪ್ಯಾಕಿನ ಲೆಕ್ಕದಲ್ಲಿ ಸೇದಿದವರು ವೈದ್ಯರನ್ನು ಕೇಳಬಹುದು. ಸೇದದ ಮೂವತ್ತರ ಹುಡುಗನಿಗೆ ಆರೋಗ್ಯ ಪ್ಯಾಕೇಜಿನಲ್ಲಿ ಸಿಟಿ ಸೇರಿಸಿ ಮಾರುವುದು ಬರಿಯ ವ್ಯಾಪಾರ.

ಸೂಜಿ ಚುಚ್ಚಿ ಬಯಾಪ್ಸಿ ಮಾಡಿದ್ರೆ ಕ್ಯಾನ್ಸರ್ ಹರಡುತ್ತಂತಲ್ಲ? ಜೀನ್ ಟೆಸ್ಟ್ ಬೇರೆ ಬರೆದಿದ್ದಾರೆ.

ಸೂಜಿಯ ದಾರಿಯಲ್ಲಿ ಕೋಶ ಹರಡುವುದು ತೀರಾ ವಿರಳ. ಬಯಾಪ್ಸಿ ಇಲ್ಲದೆ ಚಿಕಿತ್ಸೆ ಎಂದರೆ ಕತ್ತಲಲ್ಲಿ ಕಲ್ಲು ಹೊಡೆದಂತೆ. 2004ರಲ್ಲಿ ಇಜಿಎಫ್‌ಆರ್ ಎಂಬ ಜೀನಿನ ದೋಷಗಳು ಪತ್ತೆಯಾದ ಮೇಲೆ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಆ ದೋಷವಿರುವವರಿಗೆ ಗೆಫಿಟಿನಿಬ್, ಈಚೆಗೆ ಒಸಿಮರ್ಟಿನಿಬ್‌ನಂಥ ಮಾತ್ರೆಗಳಿವೆ, ಕೀಮೋಗಿಂತ ಹಗುರ. ನಮ್ಮ ದೇಶದ ಅಡಿನೊಕಾರ್ಸಿನೋಮಾ ರೋಗಿಗಳಲ್ಲಿ ಸುಮಾರು ಕಾಲು ಭಾಗ ಜನರಲ್ಲಿ ಈ ದೋಷ ಸಿಗುತ್ತದೆ, ಸೇದದ ಹೆಂಗಸರಲ್ಲಿ ಇನ್ನೂ ಹೆಚ್ಚು. 2007ರಲ್ಲಿ ಜಪಾನಿನಲ್ಲಿ ಎಎಲ್‌ಕೆ ಎಂಬ ಇನ್ನೊಂದು ಜೀನಿನ ದೋಷ ಔಷಧಿಗೆ ಗುರಿಯಾಗಿ ಸಿಕ್ಕಿತು. ಹಾಗಾಗಿ ಆ ಪರೀಕ್ಷೆ ದಂಡದ ಖರ್ಚಲ್ಲ. ರೋಗನಿರೋಧಕ ಕೋಶಗಳ ಬ್ರೇಕು ಬಿಡಿಸುವ ಇಮ್ಯುನೊಥೆರಪಿ ಬೇರೆ ದಾರಿ. ಆ ಬ್ರೇಕುಗಳನ್ನು ಕಂಡುಹಿಡಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಕೆಲವರಿಗೆ ವರ್ಷಗಟ್ಟಲೆ ಆಯುಸ್ಸು ಕೊಟ್ಟಿದೆ, ಎಲ್ಲರಿಗೂ ಕೆಲಸ ಮಾಡುವುದಿಲ್ಲ. ಬೆಲೆಯಂತೂ ಹೊಲ ಮಾರಿಸುವಂಥದ್ದು.

ಸೇದದವರಿಗೆ ಗಾಳಿಯಿಂದ ಬರುತ್ತೆ ಅಂತೀರಲ್ಲ, ಗಾಳಿ ಒಳಗೆ ಹೋಗಿ ನಿಜವಾಗಿ ಏನು ಮಾಡುತ್ತೆ? ಅದನ್ನ ತಡೆಯೋ ಔಷಧಿ ಬರುತ್ತಾ?

ಹಳೆಯ ಉತ್ತರ: ಕಣಗಳು ಡಿಎನ್‌ಎಯನ್ನು ಕೆಡಿಸುತ್ತವೆ. ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ತಂಡ 2023ರಲ್ಲಿ ಬೇರೆ ಉತ್ತರ ಕೊಟ್ಟಿತು. ಕ್ಯಾನ್ಸರ್ ಇಲ್ಲದ ಶ್ವಾಸಕೋಶದ ಅಂಗಾಂಶವನ್ನು ಅತಿ ಸೂಕ್ಷ್ಮವಾಗಿ ಓದಿದಾಗ ಶೇ. 18 ಮಾದರಿಗಳಲ್ಲಿ ಇಜಿಎಫ್‌ಆರ್ ದೋಷವೂ, ಶೇ. 53ರಲ್ಲಿ ಕೆಆರ್‌ಎಎಸ್ ಎಂಬ ಇನ್ನೊಂದು ಜೀನಿನ ದೋಷವೂ ಮೊದಲೇ ಇದ್ದವು. ವಯಸ್ಸಾದಂತೆ ಹೀಗೆ ಕೆಟ್ಟ ಕೋಶಗಳು ನಮ್ಮ ಎದೆಯಲ್ಲಿ ಸುಮ್ಮನೆ ಮಲಗಿರುತ್ತವೆ. ಮನೆಯವರೆಲ್ಲ ಹುಷಾರಾಗಿದ್ದೂ ಬರುವ ಆ ಉಳಿದ ಪಾಲಿನ ಗುಟ್ಟು ಬಹುಶಃ ಇಲ್ಲಿದೆ. ಸೂಕ್ಷ್ಮ ಕಣಗಳು ಒಳಹೊಕ್ಕಾಗ ಕಾವಲು ಕೋಶಗಳು ಕೆರಳಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂದೇಶ ಕಳಿಸುತ್ತವೆ, ಮಲಗಿದ್ದವು ಏಳುತ್ತವೆ. ಗಾಳಿ ಬೀಜ ಬಿತ್ತುವುದಿಲ್ಲ, ಬಿದ್ದಿದ್ದ ಬೀಜಕ್ಕೆ ನೀರು ಹಾಯಿಸುತ್ತದೆ. ಇಲಿಗಳಲ್ಲಿ ಆ ಸಂದೇಶಕ್ಕೆ ಅಡ್ಡಗಟ್ಟಿದಾಗ ಗಡ್ಡೆ ಕಡಿಮೆಯಾಯಿತು.

ಇದಕ್ಕೆ ಮುಂಚೆಯೇ ಒಂದು ಸುಳಿವು ಸಿಕ್ಕಿತ್ತು. ಅದೇ ಸಂದೇಶವನ್ನು ತಡೆಯುವ ಕೆನಕಿನುಮಾಬ್ ಎಂಬ ಔಷಧಿಯನ್ನು ಹೃದಯಾಘಾತವಾದ ಸುಮಾರು ಹತ್ತು ಸಾವಿರ ಜನರಲ್ಲಿ ಪರೀಕ್ಷಿಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಅವರು ಅಳೆಯಲು ಹೊರಟದ್ದು ಹೃದಯವನ್ನು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿತ್ತು, ಹೆಚ್ಚು ಪ್ರಮಾಣ ಪಡೆದವರಲ್ಲಿ ಮೂರನೇ ಒಂದಂಶಕ್ಕೆ ಇಳಿದಿತ್ತು. ಜೊತೆಗೆ ಸೋಂಕಿನ ಸಾವು ಹೆಚ್ಚಿತ್ತು. ಆಮೇಲೆ ಕ್ಯಾನ್ಸರ್ ಬಂದಾದವರಿಗೆ ಅದನ್ನೇ ಕೊಟ್ಟು ನೋಡಿದಾಗ ಫಲಿಸಲಿಲ್ಲ. ಎದ್ದವನ್ನು ಮಲಗಿಸುವುದು ಅದರ ಕೈಲಾಗದು, ಮಲಗಿದ್ದವು ಏಳದಂತೆ ಹಾಡು ಹೇಳಬಲ್ಲದೋ ಏನೋ. ಯಾರಿಗೆ ಕೊಡಬೇಕು, ಎಷ್ಟು ವರ್ಷ, ಸೋಂಕಿನ ಅಪಾಯಕ್ಕೇನು ಎಂಬಲ್ಲಿ ಸಂಶೋಧನೆ ನಿಂತಿದೆ. ಸದ್ಯಕ್ಕೆ ಆ ಕೆಲಸವನ್ನು ಮಾಡುವುದು ಬಚ್ಚಲೊಲೆಯ ಕೊಳವೆ, ರಸ್ತೆಯ ಡೀಸೆಲ್ ಲೆಕ್ಕ, ಮತ್ತು ಜಗುಲಿಯಲ್ಲಿ ಹಚ್ಚದೆ ಉಳಿದ ಬೀಡಿ.